ಎಸ್ಪೋಸಿತೊ ಎಂಬ ಇಟಲಿಯ ಕುಲನಾಮ: ಅದರ ನಿರುಕ್ತಿಯೂ ರೂಢಿಯೂ

೧

ನಾಮಪದಗಳೆಲ್ಲವೂ ಧಾತುಗಳಿಂದ ಹುಟ್ಟಿದುವೆಂದು ಶಾಕಟಾಯನನೂ ನೈರುಕ್ತರೂ ಹೇಳಿದರು. ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನೂ ವೈಯಾಕರಣರಲ್ಲಿ ಕೆಲವರೂ ಹೇಳಿದರು. ಈ ವಾದವನ್ನು ಯಾಸ್ಕನು ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಎತ್ತಿಕೊಂಡಿರುವುದು ವಿದ್ವಾಂಸರಿಗೆ ತಿಳಿದೇ ಇದೆ. ಒಂದು ಕ್ರಿಯೆಯಿಂದ ಹೆಸರು ಬರುವುದಾದರೆ ಆ ಕ್ರಿಯೆಯುಳ್ಳವರೆಲ್ಲರಿಗೂ ಆ ಹೆಸರು ಸಲ್ಲಬೇಕಲ್ಲವೆ ಎಂಬುದು ಗಾರ್ಗ್ಯನ ಆಕ್ಷೇಪಗಳಲ್ಲಿ ಒಂದು. ಮರಗೆತ್ತುವವರೆಲ್ಲರೂ ‘ತಕ್ಷಾ’ ಎನಿಸಿಕೊಳ್ಳುವುದಿಲ್ಲ. ಕೆಲವರಿಗೆ ಹೆಸರು ಸಲ್ಲುತ್ತದೆ, ಕೆಲವರಿಗೆ ಸಲ್ಲುವುದಿಲ್ಲ, ಲೋಕದಲ್ಲಿ ಹಾಗೆಯೇ ಕಾಣುತ್ತದೆ ಎಂಬುದು ಯಾಸ್ಕನ ಸಮಾಧಾನ.

ಈ ಹಳೆಯ ವಿವಾದವು ಶಾಲೆಯ ಗೋಡೆಗಳೊಳಗೆ ಮುಗಿದುಹೋದುದಲ್ಲ. ಹೆಸರಿನ ಅವಯವಾರ್ಥವು ಹೆಸರುಳ್ಳವನನ್ನು ಎಷ್ಟು ದೂರ ಹಿಂಬಾಲಿಸುತ್ತದೆ ಎಂಬ ಪ್ರಶ್ನೆಗೆ ಮನುಷ್ಯರ ಮಾನಾಪಮಾನಗಳು ಅಂಟಿಕೊಂಡಿವೆ. ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ಉದಾಹರಣೆ ಇಟಲಿ ದೇಶದಲ್ಲಿದೆ. ಅಲ್ಲಿ ‘ಎಸ್ಪೋಸಿತೊ’ ಎಂಬ ಕುಲನಾಮವು ಲಕ್ಷಾಂತರ ಬಾಯಿಗಳಲ್ಲಿ ನಿತ್ಯವೂ ಉಚ್ಚರಿಸಲ್ಪಡುತ್ತದೆ. ಅದರ ಅರ್ಥವಾದರೋ ‘ಹೊರಗಿಡಲ್ಪಟ್ಟವನು’ ಎಂದು. ತಂದೆತಾಯಿಗಳು ಬಿಟ್ಟುಹೋದ ಶಿಶುವಿಗೆ ಇಟ್ಟ ಹೆಸರು ಅದು. ಈ ಹೆಸರಿನ ಹುಟ್ಟನ್ನೂ, ಅದು ಇಷ್ಟೊಂದು ವ್ಯಾಪಿಸಿದುದರ ಕಾರಣವನ್ನೂ, ಅದರ ವಿಷಯದಲ್ಲಿ ಬಳಕೆಯಲ್ಲಿರುವ ಎರಡು ಅಭಿಪ್ರಾಯಗಳ ಬಲಾಬಲವನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಎರಡು ಅಭಿಪ್ರಾಯಗಳು ಇವು. ಎಸ್ಪೋಸಿತೊ ಎಂಬ ಹೆಸರುಳ್ಳವರೆಲ್ಲರೂ ಅಕ್ರಮಸಂತಾನದ ವಂಶದವರು, ಆದುದರಿಂದ ಆ ಹೆಸರು ಕಳಂಕದ ಮುದ್ರೆ ಎಂಬುದು ಮೊದಲನೆಯದು. ನಿರುಕ್ತಿಯೆಂಬುದು ಪಂಡಿತರ ವಿನೋದಮಾತ್ರ, ಹೆಸರಿಗೆ ಅರ್ಥವೇ ಬೇಡ, ಇದನ್ನು ವಿಚಾರಿಸುವುದೇ ವ್ಯರ್ಥ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಅತಿವ್ಯಾಪ್ತಿದೋಷವೂ, ಎರಡನೆಯದರಲ್ಲಿ ದೃಷ್ಟವನ್ನು ಅಲ್ಲಗಳೆಯುವ ದೋಷವೂ ಇರುವುವೆಂದು ನಮ್ಮ ಮತ. ಅದನ್ನು ಕ್ರಮವಾಗಿ ನಿರೂಪಿಸುತ್ತೇವೆ.

೨

ಮೊದಲು ಶಬ್ದವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಪೋನೆರೆ’ ಎಂದರೆ ಇಡು ಎಂದರ್ಥ. ಅದಕ್ಕೆ ‘ಎಕ್ಸ್’ ಎಂಬ ಉಪಸರ್ಗ ಸೇರಿದರೆ ಹೊರಗಿಡು ಎಂದಾಗುತ್ತದೆ. ಅದರ ಕರ್ಮಣಿ ಭೂತಕೃದಂತರೂಪ ‘ಎಕ್ಸ್‌ಪೊಸಿತುಸ್’. ಇದರಿಂದ ಇಟಲಿಯ ‘ಎಸ್ಪೋಸಿತೊ’ ಬಂದಿತು. ಸಂಸ್ಕೃತದಲ್ಲಿ ‘ಬಹಿರ್ನ್ಯಸ್ತ’ ಎಂದರೆ ಸರಿಯಾದ ಪ್ರತಿರೂಪವಾದೀತು. ಸ್ಪೇನ್ ದೇಶದ ‘ಎಕ್ಸ್‌ಪೋಸಿತೊ’ ಎಂಬ ಕುಲನಾಮವೂ ಇದೇ ಮೂಲದ್ದು. ಇಟಲಿಯೊಳಗೆ ‘ಸ್ಪೋಸಿತೊ’, ‘ದೆಸ್ಪೋಸಿತೊ’, ‘ದೆಲ್ಯಿ ಎಸ್ಪೋಸ್ತಿ’ ಎಂಬ ರೂಪಾಂತರಗಳೂ ಇವೆ. ಇಟಲಿಯ ಕುಲನಾಮಗಳ ಮೂಲವನ್ನು ಹುಡುಕುವವರಿಗೆ ಎಮಿದಿಯೊ ದೆ ಫೆಲೀಚೆ ಎಂಬ ಭಾಷಾಶಾಸ್ತ್ರಜ್ಞರು ೧೯೭೮ರಲ್ಲಿ ಪ್ರಕಟಿಸಿದ ಕುಲನಾಮಕೋಶವು ಒಳ್ಳೆಯ ಆಧಾರವಾಗಿದೆ.

ರೋಮಿನ ಧರ್ಮಶಾಸ್ತ್ರದಲ್ಲಿ ಈ ಶಬ್ದವು ಪಾರಿಭಾಷಿಕವಾಗಿತ್ತು. ಹುಟ್ಟಿದ ಮಗುವನ್ನು ಸಾಕದೆ ಹೊರಗೆ ಬಿಡುವ ಪದ್ಧತಿ ಆ ದೇಶದಲ್ಲಿ ಬಹುಕಾಲದಿಂದ ಇದ್ದಿತು. ಹಾಗೆ ಬಿಟ್ಟ ಮಗುವನ್ನು ಎತ್ತಿ ಸಾಕಿದವನು ತನ್ನ ಮಗುವಾಗಿಯಾದರೂ ದಾಸನನ್ನಾಗಿಯಾದರೂ ಇಟ್ಟುಕೊಳ್ಳಬಹುದೆಂದು ಕಾನ್‌ಸ್ಟಂಟೈನ್ ಚಕ್ರವರ್ತಿಯು ೩೩೧ರಲ್ಲಿ ವಿಧಿಸಿದನು. ಅಂಥ ಶಿಶುಗಳೆಲ್ಲರೂ ಸ್ವತಂತ್ರರೇ ಹೊರತು ಯಾರ ದಾಸರೂ ಅಲ್ಲವೆಂದು ಜಸ್ಟಿನಿಯನ್ ಚಕ್ರವರ್ತಿಯು ೫೨೯ರಲ್ಲಿ ಸಾರಿದನು. ಹೀಗೆ ಈ ಶಬ್ದವು ಹೆಸರಾಗುವುದಕ್ಕೆ ಬಹಳ ಮುಂಚೆ ವ್ಯವಹಾರಪದವಾಗಿದ್ದು, ಒಬ್ಬ ವ್ಯಕ್ತಿಯ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸುತ್ತಿತ್ತು.

ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ಇದಕ್ಕೆ ಜೋಡಿಯಾದ ಪದವಿದೆ. ಮನುವು ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಪುತ್ರರನ್ನು ಎಣಿಸುವಾಗ ‘ಅಪವಿದ್ಧ’ನನ್ನು ಹೇಳುತ್ತಾನೆ. ತಂದೆತಾಯಿಗಳಿಬ್ಬರಾಗಲಿ ಅವರಲ್ಲೊಬ್ಬರಾಗಲಿ ಬಿಟ್ಟುಬಿಟ್ಟ ಮಗುವನ್ನು ಮತ್ತೊಬ್ಬನು ಪರಿಗ್ರಹಿಸಿದರೆ ಆ ಮಗು ಪರಿಗ್ರಹಿಸಿದವನಿಗೆ ಅಪವಿದ್ಧಪುತ್ರ. ಚಾಲುಕ್ಯರ ಕಲ್ಯಾಣದಲ್ಲಿ ರಚಿತವಾದ ವಿಜ್ಞಾನೇಶ್ವರನ ಮಿತಾಕ್ಷರಾವ್ಯಾಖ್ಯಾನದಲ್ಲಿಯೂ ಈ ವಿಷಯದ ವಿಚಾರವಿದೆ. ‘ಅಪವಿದ್ಧ’ ಎಂದರೆ ಎಸೆಯಲ್ಪಟ್ಟವನು. ರೋಮ್ ನಗರದ ಸುತ್ತುಮುತ್ತಲೂ ಉಂಬ್ರಿಯಾ ಪ್ರಾಂತದಲ್ಲಿಯೂ ಕಾಣಬರುವ ‘ಪ್ರೊಯೆತ್ತಿ’ ಎಂಬ ಕುಲನಾಮಕ್ಕೂ ಅಕ್ಷರಶಃ ಇದೇ ಅರ್ಥ. ಆದರೆ ಒಂದು ಭೇದವನ್ನು ಗಮನಿಸಬೇಕು. ನಮ್ಮಲ್ಲಿ ‘ಅಪವಿದ್ಧ’ವು ಶಾಸ್ತ್ರದ ಸಂಜ್ಞೆಯಾಗಿಯೇ ಉಳಿಯಿತು, ಮನೆತನದ ಹೆಸರಾಗಿ ಮಕ್ಕಳು ಮೊಮ್ಮಕ್ಕಳಿಗೆ ಇಳಿದುಬರಲಿಲ್ಲ. ಇಟಲಿಯಲ್ಲಿ ಸಂಜ್ಞೆಯೇ ಮನೆತನದ ಹೆಸರಾಯಿತು. ಹೀಗಾದುದು ಹೇಗೆ?

೩

ಮಧ್ಯಯುಗದಿಂದ ಮೊದಲುಗೊಂಡು ಇಟಲಿಯ ದೊಡ್ಡ ನಗರಗಳಲ್ಲಿ ಬಿಟ್ಟ ಮಕ್ಕಳನ್ನು ಸಾಕುವ ಧರ್ಮಶಾಲೆಗಳು ಏರ್ಪಟ್ಟುವು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಫ್ಲಾರೆನ್ಸ್ ನಗರದ ‘ಇನ್ನೊಚೆಂತಿ’, ಎಂದರೆ ನಿರಪರಾಧಿಗಳ ಆಲಯ. ರೇಷ್ಮೆಯ ವರ್ತಕರ ಶ್ರೇಣಿಯವರ ಆಶ್ರಯದಲ್ಲಿ ಬ್ರುನೆಲ್ಲೆಸ್ಕಿ ಎಂಬ ಮಹಾಶಿಲ್ಪಿಯ ವಿನ್ಯಾಸದಂತೆ ೧೪೧೯ರಲ್ಲಿ ಅದರ ಕಟ್ಟಡವು ಆರಂಭವಾಯಿತು. ೧೪೪೫ರ ಫೆಬ್ರುವರಿಯಲ್ಲಿ ಮೊದಲನೆಯ ಶಿಶುವು ಅಲ್ಲಿಗೆ ಬಂದಿತು. ಅದು ಹೆಣ್ಣುಮಗು, ಅದಕ್ಕೆ ಆಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಮಿಲಾನಿನಲ್ಲಿ ಫ್ರಾಂಚೆಸ್ಕೊ ಸ್ಫೋರ್ತ್ಸಾ ಎಂಬ ಪ್ರಭುವು ೧೪೫೬ರಲ್ಲಿ ಮಹಾಚಿಕಿತ್ಸಾಲಯವನ್ನು ಸ್ಥಾಪಿಸಿದನು. ದಕ್ಷಿಣದಲ್ಲಿ ನೇಪಲ್ಸ್ ನಗರದ ಅನ್ನುನ್ತ್ಸಿಯಾತಾ ಎಂಬ ಧರ್ಮಶಾಲೆಯು ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿ, ಆ ರಾಜ್ಯದ ಬಿಟ್ಟ ಮಕ್ಕಳಿಗೆಲ್ಲ ಮುಖ್ಯವಾದ ಆಸರೆಯಾಯಿತು. ನಮ್ಮ ಪ್ರಸ್ತುತ ಕುಲನಾಮದ ತವರು ಇದೇ.

ಅನ್ನುನ್ತ್ಸಿಯಾತಾದ ಗೋಡೆಯಲ್ಲಿ ‘ರುವೋತಾ’, ಎಂದರೆ ಚಕ್ರ, ಎಂಬ ಏರ್ಪಾಡಿತ್ತು. ಒಂದು ಪಕ್ಕದಲ್ಲಿ ತೆರವುಳ್ಳ ಮರದ ಉರುಳೆಯನ್ನು ಗೋಡೆಯೊಳಗೆ ನೆಟ್ಟಗೆ ನಿಲ್ಲಿಸಿರುತ್ತಿದ್ದರು. ಬೀದಿಯ ಕಡೆಯಿಂದ ಮಗುವನ್ನು ಅದರೊಳಗಿಟ್ಟು ತಿರುಗಿಸಿದರೆ ಮಗು ಒಳಗಿನ ಕೋಣೆಗೆ ಸೇರುತ್ತಿತ್ತು. ಇಟ್ಟವರ ಮುಖವನ್ನು ಒಳಗಿನವರು ಕಾಣುತ್ತಿರಲಿಲ್ಲ. ಒಳಗಿದ್ದವರು ಮಗುವನ್ನು ಎತ್ತಿಕೊಂಡು ತೊಳೆದು, ಬಂದ ದಿನವನ್ನೂ ಹೊತ್ತನ್ನೂ ತೊಡಿಸಿದ್ದ ಬಟ್ಟೆಯನ್ನೂ ದಾಖಲೆಪುಸ್ತಕದಲ್ಲಿ ಬರೆಯುತ್ತಿದ್ದರು. ಕೊರಳಿಗೆ ಸೀಸದ ಬಿಲ್ಲೆಯೊಂದನ್ನು ಕಟ್ಟುತ್ತಿದ್ದರು. ಜನರು ಈ ಮಕ್ಕಳನ್ನು ‘ಮಾತೆಯ ಮಕ್ಕಳು’ ಎಂದು ಕರೆಯುತ್ತಿದ್ದರು. ಮಾತೆಯೆಂದರೆ ಇಲ್ಲಿ ಕ್ರಿಸ್ತಜನನಿಯಾದ ಮರಿಯಳು. ಆದರೆ ಪುಸ್ತಕದಲ್ಲಿ ಬರೆಯುವ ಲೇಖಕನಿಗೆ ಒಂದು ಅಡ್ಡಹೆಸರು ಬೇಕಾಗಿತ್ತು. ತಂದೆಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಕಸುಬು ಗೊತ್ತಿಲ್ಲ. ಗೊತ್ತಿದ್ದುದು ಒಂದೇ: ಇದು ಹೊರಗಿಡಲ್ಪಟ್ಟ ಮಗು. ಆತನು ಅದನ್ನೇ ಬರೆದನು.

ಇದಕ್ಕೆ ಕಾಲವೂ ಅನುಕೂಲವಾಯಿತು. ಟ್ರೆಂಟ್ ಧರ್ಮಸಭೆಯು ೧೫೬೩ರಲ್ಲಿ ಮುಗಿದ ಮೇಲೆ ಇಗರ್ಜಿಗಳಲ್ಲಿ ಜ್ಞಾನಸ್ನಾನ ವಿವಾಹಗಳ ದಾಖಲೆಯನ್ನು ಕ್ರಮವಾಗಿ ಇಡುವ ಪದ್ಧತಿ ಬಲಗೊಂಡಿತು. ದಾಖಲೆಯಲ್ಲಿ ಸೇರಿದ ಹೆಸರು ಮಗನಿಗೂ ಮೊಮ್ಮಗನಿಗೂ ಇಳಿಯಿತು. ಅಲ್ಲಿಯ ತನಕ ವಿಶೇಷಣವಾಗಿದ್ದುದು ಅಲ್ಲಿಂದ ಮುಂದೆ ಕುಲನಾಮವಾಯಿತು.

೪

ಬಿಟ್ಟ ಮಕ್ಕಳಿಗೆ ಇಟಲಿಯವರು ಇಟ್ಟ ಹೆಸರುಗಳೆಲ್ಲವೂ ಒಂದೇ ಬಗೆಯವಲ್ಲ. ಅವನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ನಡೆದ ಕ್ರಿಯೆಯನ್ನು ಹೇಳುವ ಹೆಸರುಗಳು: ಎಸ್ಪೋಸಿತೊ, ಪ್ರೊಯೆತ್ತಿ, ಸಿಸಿಲಿ ದ್ವೀಪದ ‘ತ್ರೊವಾತೊ’. ಕಡೆಯದಕ್ಕೆ ‘ಸಿಕ್ಕಿದವನು’ ಎಂದರ್ಥ. ಎರಡನೆಯದು, ಕಾಪಾಡಿದ ಮನೆಯನ್ನು ಹೇಳುವ ಹೆಸರುಗಳು: ಫ್ಲಾರೆನ್ಸಿನ ಆಲಯದಿಂದ ‘ಇನ್ನೊಚೆಂತಿ’, ‘ದೆಲ್ಯಿ ಇನ್ನೊಚೆಂತಿ’, ಮಿಲಾನಿನ ಚಿಕಿತ್ಸಾಲಯದ ಲಾಂಛನವು ಪಾರಿವಾಳವಾದುದರಿಂದ ‘ಕೊಲೊಂಬೊ’. ಮೂರನೆಯದು, ಹರಸುವ ಹೆಸರುಗಳು: ದೇವರು ನಿನ್ನನ್ನು ಬೆಳೆಸಲಿ ಎಂಬರ್ಥದ ‘ದಿಯೊತಾಲ್ಲೆವಿ’, ದೇವರಲ್ಲಿ ಆಶೆಯಿಡುವುದನ್ನು ಹೇಳುವ ‘ಸ್ಪೆರಾಂದಿಯೊ’, ಒಳ್ಳೆಯ ಅದೃಷ್ಟವನ್ನು ಕೋರುವ ‘ವೆಂತೂರಾ’.

ನಮ್ಮ ಕಾವ್ಯಪರಂಪರೆಯನ್ನು ಬಲ್ಲವರಿಗೆ ಎರಡನೆಯ ವರ್ಗವು ಒಡನೆಯೇ ಶಕುಂತಲೆಯನ್ನು ನೆನಪಿಗೆ ತರುತ್ತದೆ. ಮೇನಕೆಯು ಬಿಟ್ಟುಹೋದ ಶಿಶುವನ್ನು ಕಾಡಿನಲ್ಲಿ ಶಕುಂತಪಕ್ಷಿಗಳು ಸುತ್ತುವರಿದು ಕಾದುವಾದುದರಿಂದ ಕಣ್ವನು ಆ ಹೆಸರಿಟ್ಟನೆಂದು ಮಹಾಭಾರತದ ಆದಿಪರ್ವದಲ್ಲಿದೆ. ಬಿಟ್ಟವಳ ಸುದ್ದಿ ಆ ಹೆಸರಿನಲ್ಲಿಲ್ಲ; ಕಾಪಾಡಿದುವುಗಳ ಸುದ್ದಿಯಿದೆ. ಕರ್ಣನೂ ಹಾಗೆಯೇ ಸಾಕುತಾಯಿಯ ಹೆಸರಿನಿಂದ ‘ರಾಧೇಯ’ನಾದನು. ಅವನನ್ನು ಹೀಯಾಳಿಸಬೇಕಾದವರು ‘ಸೂತಪುತ್ರ’ನೆಂದರೇ ಹೊರತು ‘ಬಿಸುಟವನು’ ಎಂಬುದನ್ನು ಯಾರೂ ಅವನ ಹೆಸರಾಗಿ ಮಾಡಲಿಲ್ಲ. ಆ ಸಂಗತಿಯು ಅವರಿಗೆ ತಿಳಿದೂ ಇರಲಿಲ್ಲ. ಶಕುಂತಲೆಯ ಹಕ್ಕಿಗೂ ಮಿಲಾನಿನ ಪಾರಿವಾಳಕ್ಕೂ ಐತಿಹಾಸಿಕವಾದ ಸಂಬಂಧವೇನೂ ಇಲ್ಲ. ಹೆಸರಿಡುವವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆಂಬುದನ್ನು ಮಾತ್ರ ಇವು ತೋರಿಸುತ್ತವೆ: ಮಗುವನ್ನು ಬಿಟ್ಟ ಕೈಯನ್ನು ಹೇಳುವುದೋ, ಎತ್ತಿಕೊಂಡ ಕೈಯನ್ನು ಹೇಳುವುದೋ.

ಈ ದೃಷ್ಟಿಯಿಂದ ಎಸ್ಪೋಸಿತೊ ಎಂಬ ಪದದ ವ್ಯಾಕರಣವನ್ನು ಮತ್ತೊಮ್ಮೆ ನೋಡಬೇಕು. ಅದು ಕರ್ಮಣಿ ಕೃದಂತ. ಕರ್ಮಣಿಪ್ರಯೋಗದಲ್ಲಿ ಕರ್ತೃವು ಪ್ರತ್ಯಯದಿಂದ ಉಕ್ತನಾಗುವುದಿಲ್ಲ. ಬೇರೆ ಪದದಿಂದ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊರಗಿಟ್ಟವರು ಯಾರು, ಏತಕ್ಕಾಗಿ, ಹಸಿವಿನಿಂದಲೋ ನಾಚಿಕೆಯಿಂದಲೋ ಬಲಾತ್ಕಾರದಿಂದಲೋ ಎಂಬುದೊಂದೂ ಹೆಸರಿನಲ್ಲಿ ಉಳಿಯಲಿಲ್ಲ. ಕ್ರಿಯೆಯನ್ನು ಮಾಡಿದವರು ಹೆಸರಿನಿಂದ ತಪ್ಪಿಸಿಕೊಂಡರು. ಏನನ್ನೂ ಮಾಡದ ಕೂಸು ಆ ಕ್ರಿಯೆಯನ್ನು ಹೊತ್ತಿತು. ಈ ಹೆಸರಿನ ಅನ್ಯಾಯವೆಲ್ಲವೂ ಇದರಲ್ಲಿದೆ. ಫ್ಲಾರೆನ್ಸಿನವರು ತಮ್ಮ ಆಲಯಕ್ಕೆ ‘ನಿರಪರಾಧಿಗಳು’ ಎಂಬ ಹೆಸರನ್ನು ಆರಿಸಿದರು. ಕ್ರಿಸ್ತಪುರಾಣದಲ್ಲಿ ಹೆರೋದರಾಜನು ಕೊಲ್ಲಿಸಿದ ಹಸುಳೆಗಳ ನೆನಪು ಅದರಲ್ಲಿದ್ದರೂ ಮಕ್ಕಳ ವಿಷಯದಲ್ಲಿ ಅದು ಯಥಾರ್ಥವೂ ಉಚಿತವೂ ಆದ ಹೆಸರು.

೫

ಇನ್ನು ಮೊದಲನೆಯ ಅಭಿಪ್ರಾಯವನ್ನು ಪರೀಕ್ಷಿಸೋಣ. ಎಸ್ಪೋಸಿತೊ ಎಂದರೆ ಅಕ್ರಮಸಂತಾನ ಎನ್ನುವವರು ‘ಬಿಡಲ್ಪಟ್ಟ’ ಎಂಬ ಧರ್ಮವನ್ನೂ ‘ವಿವಾಹಬಾಹಿರವಾಗಿ ಹುಟ್ಟಿದ’ ಎಂಬ ಧರ್ಮವನ್ನೂ ಒಂದೆಂದು ಭ್ರಮಿಸುತ್ತಾರೆ. ಇವೆರಡೂ ಒಂದಲ್ಲ. ನಮ್ಮ ಶಾಸ್ತ್ರಕಾರರು ಕಾನೀನ, ಗೂಢಜರನ್ನು ಒಂದು ಕಡೆಗೂ ಅಪವಿದ್ಧನನ್ನು ಇನ್ನೊಂದು ಕಡೆಗೂ ಬೇರೆಬೇರೆಯಾಗಿ ಎಣಿಸಿರುವುದು ಸುಮ್ಮನೆ ಅಲ್ಲ. ವಿವಾಹಿತರಾದ ಬಡವರು ಬರಗಾಲದಲ್ಲಿಯೂ ಕೆಲಸವಿಲ್ಲದ ಕಾಲದಲ್ಲಿಯೂ ತಮ್ಮ ಮಕ್ಕಳನ್ನು ಚಕ್ರದಲ್ಲಿಟ್ಟುದುಂಟು. ಹತ್ತೊಂಬತ್ತನೆಯ ಶತಮಾನದ ಮಿಲಾನ್ ಫ್ಲಾರೆನ್ಸುಗಳಲ್ಲಿ ಇಂಥ ಮಕ್ಕಳು ಬಹುಮಂದಿ ಇದ್ದರು. ಅರ್ಧ ಕತ್ತರಿಸಿದ ನಾಣ್ಯ, ಅರ್ಧ ಹರಿದ ಚೀಟಿ, ತುಂಡುಮಾಡಿದ ಪದಕ ಮುಂತಾದ ಗುರುತುಗಳನ್ನು ಮಕ್ಕಳ ಜೊತೆಯಲ್ಲಿ ಇಟ್ಟುಹೋಗುತ್ತಿದ್ದರು. ಉಳಿದರ್ಧವನ್ನು ತೋರಿಸಿ ಒಂದು ದಿನ ಮಗುವನ್ನು ಮರಳಿ ಪಡೆಯುವ ಆಶೆ ಅವರಿಗಿತ್ತು. ಅಂಥ ಅರ್ಧ ಪದಕಗಳು ಇನೊಚೆಂತಿ ಆಲಯದ ಸಂಗ್ರಹದಲ್ಲಿ ಇಂದಿಗೂ ಇವೆ. ಮರಳಿ ಪಡೆಯಬೇಕೆಂದು ಗುರುತಿಟ್ಟವರ ಮಕ್ಕಳನ್ನು ಅಪಮಾನದ ಹೆಸರಿನಿಂದ ವ್ಯವಹರಿಸುವುದು ಯುಕ್ತಿಗೂ ದಯೆಗೂ ಹೊರಗಾದುದು.

ಎರಡನೆಯ ದೋಷವು ಇನ್ನೂ ಮೂಲದ್ದು. ಪದಗಳ ಶಕ್ತಿಯನ್ನು ವಿಚಾರಿಸುವವರು ಯೌಗಿಕ, ಯೋಗರೂಢ, ರೂಢ ಎಂದು ಭೇದಗಳನ್ನು ಹೇಳುತ್ತಾರೆ. ‘ಪಾಚಕ’ ಎಂಬುದು ಯೌಗಿಕ, ಅಡಿಗೆಮಾಡುವವರೆಲ್ಲರಿಗೂ ಸಲ್ಲುತ್ತದೆ. ‘ಪಂಕಜ’ ಎಂಬುದು ಯೋಗರೂಢ. ಕೆಸರಿನಲ್ಲಿ ಹುಟ್ಟಿದ ಎಲ್ಲಕ್ಕೂ ಸಲ್ಲದೆ ತಾವರೆಯಲ್ಲಿ ನಿಲ್ಲುತ್ತದೆ. ಅವಯವಾರ್ಥವನ್ನು ಲೆಕ್ಕಿಸದೆ ಸಮುದಾಯದಿಂದಲೇ ಅರ್ಥವನ್ನು ಹೇಳುವುದು ರೂಢ. ಎಸ್ಪೋಸಿತೊ ಶಬ್ದವು ಈ ಮೂರು ಅವಸ್ಥೆಗಳನ್ನೂ ಕ್ರಮವಾಗಿ ದಾಟಿದೆ. ರೋಮಿನ ಶಾಸನಗಳಲ್ಲಿ ಅದು ಯೌಗಿಕ. ನೇಪಲ್ಸಿನ ಧರ್ಮಶಾಲೆಯಲ್ಲಿ ಅಲ್ಲಿಗೆ ಬಂದ ಮಗುವಿನ ಹೆಸರಾದಾಗ ಯೋಗರೂಢ. ಆ ಮಗುವು ಬದುಕಿ ಬೆಳೆದು, ಮದುವೆಯಾಗಿ, ತನ್ನ ಮನೆಯಲ್ಲಿ ಹುಟ್ಟಿದ ಮಗನನ್ನು ತಾನೇ ಎತ್ತಿ ಆಡಿಸಿದಾಗ, ಆ ಮಗನ ವಿಷಯದಲ್ಲಿ ಅದು ಕೇವಲ ರೂಢ. ಅವನನ್ನು ಯಾರೂ ಹೊರಗಿಡಲಿಲ್ಲ. ಆದುದರಿಂದ ಪ್ರತಿಯೊಂದು ವಂಶದಲ್ಲಿಯೂ ಈ ಹೆಸರಿನ ಅವಯವಾರ್ಥವು ಮೊದಲನೆಯ ಪುರುಷನೊಬ್ಬನಲ್ಲಿ ಮಾತ್ರ ಸತ್ಯ, ಮುಂದಿನವರೆಲ್ಲರಲ್ಲಿಯೂ ಬಾಧಿತ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಹಾಗಾದರೆ ಕುಲನಾಮಗಳೆಲ್ಲವೂ ಹೀಗೆಯೇ ಅಲ್ಲವೆ? ‘ರೋಸ್ಸಿ’ ಎಂದರೆ ಕೆಂಚುಗೂದಲಿನವನು ಅಥವಾ ಕೆಂಪು ಮೈಬಣ್ಣದವನು. ಇಂದಿನ ರೋಸ್ಸಿಗಳಲ್ಲಿ ಕಪ್ಪುಗೂದಲಿನವರು ಎಷ್ಟೋ ಮಂದಿ. ‘ಫೆರ್ರಾರಿ’ ಎಂದರೆ ಕಮ್ಮಾರ. ಅವರೆಲ್ಲರೂ ಕುಲುಮೆಯನ್ನು ಊದುವವರಲ್ಲ. ಅಲ್ಲಿ ಯಾರೂ ನಿರುಕ್ತಿಯನ್ನು ಹಿಡಿದು ಕಾಡುವುದಿಲ್ಲ. ಇಲ್ಲಿ ಮಾತ್ರ ಏಕೆ ಕಾಡಬೇಕು?

ಇದಕ್ಕೆ ಸಮಾಧಾನವು ಹೀಗೆ. ಕುಲನಾಮದ ಪ್ರಯೋಜನವು ಕುಲವನ್ನು ತಿಳಿಸುವುದು. ರೋಸ್ಸಿ ಎಂಬುದು ದೇಹದ ಗುಣವನ್ನೂ ಫೆರ್ರಾರಿ ಎಂಬುದು ಕಸುಬನ್ನೂ ಆಶ್ರಯಿಸಿ ಕುಲವನ್ನು ತಿಳಿಸುತ್ತವೆ. ಆ ಗುಣ ಹೋದರೂ ಕುಲ ಉಳಿಯುತ್ತದೆ. ಎಸ್ಪೋಸಿತೊ ಎಂಬುದಾದರೋ ಕುಲವು ತಿಳಿಯದು ಎಂಬುದನ್ನೇ ಆಶ್ರಯಿಸಿ ಕುಲವನ್ನು ತಿಳಿಸಹೊರಟಿದೆ. ಇದು ವ್ಯಾಘಾತ. ಹೆಸರಿನ ಯೋಗಾರ್ಥವೂ ಅದರ ಪ್ರಯೋಜನವೂ ಒಂದೇ ವಿಷಯದಲ್ಲಿ ಎದುರುಬದುರಾಗಿ ನಿಂತಿರುವುದರಿಂದ, ಬೇರೆ ಹೆಸರುಗಳಲ್ಲಿ ಬೇಗ ಮರೆತುಹೋಗುವ ಯೋಗಾರ್ಥವು ಇಲ್ಲಿ ಬಹುಕಾಲ ಕಿವಿಯಲ್ಲಿ ಉಳಿಯಿತು. ನಿರುಕ್ತಿಯು ಪಂಡಿತರ ವಿನೋದಮಾತ್ರವೆಂಬ ಎರಡನೆಯ ಅಭಿಪ್ರಾಯಕ್ಕೆ ಇದೇ ಉತ್ತರ. ಅರ್ಥವು ವಿನೋದವಾಗಿದ್ದರೆ ರಾಜರೂ ಮಂತ್ರಿಗಳೂ ಅದನ್ನು ತಡೆಯಲು ಶಾಸನಗಳನ್ನು ಹೊರಡಿಸುತ್ತಿರಲಿಲ್ಲ.

೬

ಆ ಶಾಸನಗಳ ಚರಿತ್ರೆ ಸಂಕ್ಷೇಪವಾಗಿ ಇದು. ಸ್ಪೇನಿನಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆಯು ೧೭೯೪ರ ರಾಜಾಜ್ಞೆಯಿಂದ ಬಿಟ್ಟ ಮಕ್ಕಳನ್ನು ಲೌಕಿಕವ್ಯವಹಾರಗಳಲ್ಲಿ ಸಕ್ರಮಸಂತಾನವೆಂದೇ ಎಣಿಸತಕ್ಕದ್ದೆಂದು ವಿಧಿಸಿ, ಅವರನ್ನು ಆ ಕಾರಣದಿಂದ ಹೀಯಾಳಿಸುವುದನ್ನು ನಿಷೇಧಿಸಿದನು. ನೇಪಲ್ಸಿನಲ್ಲಿ ೧೮೦೮ರಿಂದ ೧೮೧೫ರ ವರೆಗೆ ಆಳಿದ ಮೂರಾ ದೊರೆಯ ಕಾಲದಲ್ಲಿ, ಬಿಟ್ಟ ಮಕ್ಕಳಿಗೆಲ್ಲ ಎಸ್ಪೋಸಿತೊ ಎಂದೇ ಹೆಸರಿಡುವ ಪದ್ಧತಿಯನ್ನು ನಿಲ್ಲಿಸಲಾಯಿತು. ಮಿಲಾನಿನಲ್ಲಿ ಮಕ್ಕಳಿಗೆಲ್ಲ ಕೊಲೊಂಬೊ ಎಂದಿಡುವ ಪದ್ಧತಿ ೧೮೨೫ರಲ್ಲಿ ನಿಂತಿತು. ಚಕ್ರಗಳನ್ನು ಮುಚ್ಚುವುದು ೧೮೬೭ರಲ್ಲಿ ಫೆರ್ರಾರಾ ನಗರದಿಂದ ಆರಂಭವಾಗಿ, ೧೮೬೮ರಲ್ಲಿ ಮಿಲಾನಿನಲ್ಲಿಯೂ, ೧೮೭೫ರಲ್ಲಿ ಫ್ಲಾರೆನ್ಸ್ ನೇಪಲ್ಸುಗಳಲ್ಲಿಯೂ ನಡೆಯಿತು. ೧೯೨೩ರಲ್ಲಿ ಇಡೀ ದೇಶದಲ್ಲಿ ಅವು ರದ್ದಾದುವು. ಹುಟ್ಟನ್ನು ಸೂಚಿಸುವ ಹೆಸರನ್ನು ಇಂಥ ಮಕ್ಕಳಿಗೆ ಇಡಕೂಡದೆಂಬ ನಿಷೇಧವು ೨೦೦೦ದ ನಾಗರಿಕದಾಖಲೆಯ ನಿಯಮಾವಳಿಯಲ್ಲಿಯೂ ಇದೆ. ೨೦೧೨ರ ಕಾನೂನು ವಿವಾಹದೊಳಗೆ ಹುಟ್ಟಿದ ಮಕ್ಕಳು, ಹೊರಗೆ ಹುಟ್ಟಿದ ಮಕ್ಕಳು ಎಂಬ ಭೇದವನ್ನು ತೊಡೆದುಹಾಕಿತು.

ಮೂರಾ ದೊರೆಯ ಆಡಳಿತದ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಸದಾಗಿ ಈ ಹೆಸರಿಡುವುದನ್ನು ನಿಲ್ಲಿಸಿದ ಆಡಳಿತವೇ ೧೮೦೯ರಲ್ಲಿ ಜನನ ಮರಣ ವಿವಾಹಗಳ ಸರಕಾರೀ ದಾಖಲೆಯನ್ನು ಆ ರಾಜ್ಯದಲ್ಲಿ ಆರಂಭಿಸಿತು. ಆದುದರಿಂದ ಅಲ್ಲಿಯ ತನಕ ಎಸ್ಪೋಸಿತೊಗಳಾಗಿದ್ದವರು ಇನ್ನು ಮುಂದೆ ಅಳಿಸಲಾಗದಂತೆ ಎಸ್ಪೋಸಿತೊಗಳಾದರು. ಹೊಳೆಯ ಮೂಲವನ್ನು ಕಟ್ಟಿದವರೇ ಹರಿದುಬಂದ ನೀರಿಗೆ ದಡಗಳನ್ನೂ ಕಟ್ಟಿಕೊಟ್ಟಂತಾಯಿತು.

೭

ಇನ್ನು ಈ ಹೆಸರಿನ ಇಂದಿನ ವ್ಯಾಪ್ತಿ. ಇಟಲಿಯಲ್ಲಿ ಅತಿ ಹೆಚ್ಚಾಗಿರುವ ಕುಲನಾಮಗಳ ಪಟ್ಟಿಗಳಲ್ಲಿ ರೋಸ್ಸಿ, ರುಸ್ಸೊ, ಫೆರ್ರಾರಿಗಳ ಜೊತೆಯಲ್ಲಿ ಎಸ್ಪೋಸಿತೊ ಮೊದಲ ಐದರೊಳಗೆ ನಿಲ್ಲುತ್ತದೆ. ನೇಪಲ್ಸ್ ನಗರದಲ್ಲಿ ಅದು ಮೊದಲನೆಯದು. ಕಂಪಾನಿಯಾ ಪ್ರಾಂತದಲ್ಲಿ ಅದು ದಟ್ಟವಾಗಿದ್ದು, ಅಲ್ಲಿಂದ ದೂರ ಹೋದಂತೆ ವಿರಳವಾಗುತ್ತದೆ. ಕೊಲೊಂಬೊ ಹೀಗೆಯೇ ಲೊಂಬಾರ್ದಿಯಾದಲ್ಲಿ ದಟ್ಟವಾಗಿದೆ.

ಈ ಹೆಚ್ಚಳಕ್ಕೆ ಕಾರಣವೇನು? ಬಿಟ್ಟ ಮಕ್ಕಳು ಬಹಳ ಮಂದಿ ಇದ್ದರೆಂಬುದಷ್ಟೇ ಕಾರಣವೆಂದರೆ ಸಾಲದು. ಆ ಧರ್ಮಶಾಲೆಗಳಲ್ಲಿ ಶಿಶುಮರಣವು ಭಯಂಕರವಾಗಿತ್ತು. ಹಲವು ಕಾಲಗಳಲ್ಲಿ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಳೆತನದಲ್ಲಿಯೇ ತೀರಿಹೋಗುತ್ತಿದ್ದರು. ಬದುಕಿದವರಲ್ಲಿಯೂ ಹೆಣ್ಣುಮಕ್ಕಳ ಹೆಸರು ಅವರ ಸಂತಾನಕ್ಕೆ ಇಳಿಯುತ್ತಿರಲಿಲ್ಲ. ಮುಖ್ಯ ಕಾರಣವು ಹೆಸರಿಡುವ ರೀತಿಯಲ್ಲಿದೆ. ರೋಸ್ಸಿ ಎಂಬ ಹೆಸರು ಹೆಚ್ಚಾದುದು ಸಾವಿರ ಊರುಗಳಲ್ಲಿ ಸಾವಿರ ನೆರೆಯವರು ಬೇರೆಬೇರೆಯಾಗಿ ಒಂದೇ ಗುಣವನ್ನು ಕಂಡು ಹೆಸರಿಟ್ಟುದರಿಂದ. ಎಸ್ಪೋಸಿತೊ ಹೆಚ್ಚಾದುದು ಒಂದು ಮನೆಯ ಲೇಖಕರು ತಲೆಮಾರಿನ ಮೇಲೆ ತಲೆಮಾರು ಒಂದೇ ಪದವನ್ನು ಬರೆಯುತ್ತ ಬಂದುದರಿಂದ. ಬೇರೆಬೇರೆ ಹೆಸರು ಬರೆದಿದ್ದರೆ ಅದೇ ಜನ ಅಷ್ಟೇ ಇರುತ್ತಿದ್ದರು. ಹೆಸರು ಮಾತ್ರ ಹಂಚಿಹೋಗುತ್ತಿತ್ತು.

ಇದರಿಂದ ಮತ್ತೊಂದು ನಿರ್ಣಯವೂ ಸಿದ್ಧಿಸುತ್ತದೆ. ನಮ್ಮಲ್ಲಿ ಒಂದೇ ಗೋತ್ರದವರು ಒಬ್ಬ ಮೂಲಪುರುಷನ ಸಂತತಿಯೆಂದು ಭಾವಿಸುತ್ತೇವೆ. ಎಸ್ಪೋಸಿತೊಗಳಲ್ಲಿ ಈ ಅನುಮಾನಕ್ಕೆ ಎಡೆಯೇ ಇಲ್ಲ. ಅವರ ಮೂಲಪುರುಷರು ಸಾವಿರಾರು ಮಂದಿ, ಒಬ್ಬರಿಗೊಬ್ಬರು ಸಂಬಂಧಿಗಳಲ್ಲ. ಅವರಿಗೆ ಸಾಮಾನ್ಯವಾದುದು ರಕ್ತವಲ್ಲ, ಒಂದು ಗೋಡೆಯ ಬಾಗಿಲು.

ಹೆಸರನ್ನು ಕಂಡೊಡನೆ ಮೂಲವನ್ನು ನಿರ್ಣಯಿಸುವವರು ಇನ್ನೂ ಎರಡು ಎಡೆಗಳಲ್ಲಿ ಎಚ್ಚರದಿಂದಿರಬೇಕು. ಕೊಲೊಂಬೊ ಎಂಬುದು ಮಿಲಾನಿನಲ್ಲಿ ಬಿಟ್ಟ ಮಕ್ಕಳ ಹೆಸರಾದರೂ, ಪಾರಿವಾಳವು ಕ್ರೈಸ್ತರಲ್ಲಿ ಪವಿತ್ರವಾದುದರಿಂದ ವ್ಯಕ್ತಿನಾಮವಾಗಿಯೂ ಅದು ಬಹು ಹಿಂದಿನಿಂದ ಇತ್ತು. ಅಮೆರಿಕಾಖಂಡಕ್ಕೆ ಹಡಗು ನಡೆಸಿದ ಜಿನೋವಾದ ಕ್ರಿಸ್ತೊಫೊರೊ ಕೊಲೊಂಬೊ ನೇಕಾರನೊಬ್ಬನ ಮಗ. ಮಿಲಾನಿನ ಚಿಕಿತ್ಸಾಲಯಕ್ಕೂ ಅವನ ಹೆಸರಿಗೂ ಸಂಬಂಧವಿಲ್ಲ. ದಿಯೊತಾಲ್ಲೆವಿ ಮುಂತಾದ ಹರಕೆಯ ಹೆಸರುಗಳನ್ನೂ ಮಧ್ಯಯುಗದ ತಂದೆತಾಯಿಗಳು ತಮ್ಮ ಮುದ್ದಿನ ಮಕ್ಕಳಿಗೇ ಇಡುತ್ತಿದ್ದರು. ಅರ್ಜೆಂಟೀನಾದ ಎಸ್ಪೋಸಿತೊಗಳಲ್ಲಿ ಇಟಲಿಯಿಂದ ಹೋದವರೂ ಸ್ಪೇನಿನ ಮೂಲದವರೂ ಬೆರೆತಿರಬಹುದಾದುದರಿಂದ ಹೆಸರೊಂದರಿಂದಲೇ ದೇಶವನ್ನು ಊಹಿಸಲಾಗದು.

ಕಡಲಾಚೆಗೆ ಹೋದವರಲ್ಲಿ ಈ ಹೆಸರಿನ ಯೋಗಾರ್ಥವು ಸಂಪೂರ್ಣವಾಗಿ ಅಡಗಿಹೋಯಿತು. ಕೆನಡಾದಲ್ಲಿ ೧೯೪೨ರಲ್ಲಿ ಹುಟ್ಟಿದ ಫಿಲ್ ಎಸ್ಪೋಸಿತೊ ಹಿಮದ ಹಾಕಿಯಾಟದಲ್ಲಿ ಮಹಾಖ್ಯಾತಿಯನ್ನು ಪಡೆದರು. ಆಂಗ್ಲವನ್ನು ಮಾತಾಡುವ ಪ್ರೇಕ್ಷಕನಿಗೆ ಆ ಧ್ವನಿಯಲ್ಲಿ ಆಟಗಾರನು ಕಂಡನೇ ಹೊರತು ಚಕ್ರವಲ್ಲ. ಇಟಲಿಯಲ್ಲಿಯೇ ೧೯೫೦ರಲ್ಲಿ ಹುಟ್ಟಿದ ರೊಬೆರ್ತೊ ಎಸ್ಪೋಸಿತೊ ಎಂಬ ತತ್ತ್ವಜ್ಞರು ಸಮುದಾಯವೆಂದರೇನು ಎಂಬುದನ್ನು ಮುಖ್ಯವಾಗಿ ವಿಚಾರಿಸಿ ೧೯೯೮ರಲ್ಲಿ ‘ಕೊಮ್ಮೂನಿತಾಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಸಮುದಾಯದ ಹೊರಗಿಡಲ್ಪಟ್ಟವನೆಂಬ ಅರ್ಥದ ಹೆಸರುಳ್ಳವರು ಸಮುದಾಯದ ತತ್ತ್ವವನ್ನು ಬರೆದರೆಂಬುದು ಕಾಕತಾಳೀಯ. ಅದರಲ್ಲಿ ಕಾರ್ಯಕಾರಣಭಾವವನ್ನು ಕಲ್ಪಿಸಲಾಗದು.

೮

ಸಾಹಿತ್ಯವೂ ನಾಟಕವೂ ಈ ಪರಿವರ್ತನೆಗೆ ಸಾಕ್ಷಿ ಹೇಳುತ್ತವೆ. ೧೯೫೧ರಲ್ಲಿ ಬಂದ ‘ಗ್ವಾರ್ದಿಯೆ ಎ ಲಾದ್ರಿ’ ಎಂಬ ಚಲಚ್ಚಿತ್ರದಲ್ಲಿ ನೇಪಲ್ಸಿನ ಪ್ರಖ್ಯಾತ ವಿದೂಷಕನಟನಾದ ತೊತೊ ವಹಿಸಿದ ಬಡಕಳ್ಳನ ಪಾತ್ರಕ್ಕೆ ಫೆರ್ದಿನಾಂದೊ ಎಸ್ಪೋಸಿತೊ ಎಂದು ಹೆಸರು. ಅವನು ಹೆಂಡತಿಮಕ್ಕಳುಳ್ಳ ಗೃಹಸ್ಥ. ಹೆಸರು ಅಲ್ಲಿ ಅವನು ನೇಪಲ್ಸಿನವನು, ಸಾಮಾನ್ಯರಲ್ಲಿ ಸಾಮಾನ್ಯನು ಎಂಬುದನ್ನು ಮಾತ್ರ ಧ್ವನಿಸುತ್ತದೆ. ರೂಢಿಯು ಯೋಗವನ್ನು ಅಪಹರಿಸಿತೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಲಕ್ಷ್ಯ ಬೇಡ.

ಅದಕ್ಕೆ ಐದು ವರ್ಷಗಳ ಹಿಂದೆ, ೧೯೪೬ರಲ್ಲಿ, ಎದ್ವಾರ್ದೊ ದೆ ಫಿಲಿಪ್ಪೊ ಎಂಬ ನೇಪಲ್ಸಿನ ನಾಟಕಕಾರರು ‘ಫಿಲುಮೆನಾ ಮಾರ್ತುರಾನೊ’ ಎಂಬ ನಾಟಕವನ್ನು ರಂಗಕ್ಕೆ ತಂದರು. ಎಸ್ಪೋಸಿತೊ ಎಂಬ ಹೆಸರು ಅದರ ವಸ್ತುವಲ್ಲದಿದ್ದರೂ ನಮ್ಮ ವಿಚಾರದ ತಿರುಳು ಅಲ್ಲಿದೆ. ನಾಯಿಕೆಗೆ ಮೂವರು ಗಂಡುಮಕ್ಕಳು. ಅವರಲ್ಲಿ ಒಬ್ಬನು ಮಾತ್ರ ದೊಮೆನಿಕೊ ಎಂಬ ಸಿರಿವಂತನ ಮಗ. ಯಾವನೆಂದು ಅವನು ಎಷ್ಟು ಕೇಳಿದರೂ ಅವಳು ಹೇಳುವುದಿಲ್ಲ. ಹೇಳಿದರೆ ಒಬ್ಬನು ಒಳಗಾಗಿ ಇಬ್ಬರು ಹೊರಗಾಗುತ್ತಾರೆಂಬುದು ಅವಳಿಗೆ ಗೊತ್ತು. ಕಡೆಗೆ ಅವನು ಕೇಳುವುದನ್ನು ಬಿಟ್ಟು ಮೂವರಿಗೂ ತಂದೆಯಾಗುತ್ತಾನೆ. ಇಲ್ಲಿ ಕುಲನಾಮವು ರಕ್ತವನ್ನು ಅನುಸರಿಸುವುದಿಲ್ಲ, ಪರಿಗ್ರಹವನ್ನು ಅನುಸರಿಸುತ್ತದೆ. ಅಪವಿದ್ಧನು ಪರಿಗ್ರಹಿಸಿದವನ ಪುತ್ರನೆಂದ ನಮ್ಮ ಸ್ಮೃತಿಕಾರರ ವಚನದ ತಾತ್ಪರ್ಯವೂ ಇದೇ. ದೂರದೇಶದ ಆಧುನಿಕ ನಾಟಕವೊಂದು ಅದೇ ನ್ಯಾಯಕ್ಕೆ ತನ್ನದೇ ದಾರಿಯಿಂದ ಬಂದು ಮುಟ್ಟಿದೆ.

೯

ಹೀಗಿರಲು ಸಿದ್ಧಾಂತವು ಇದು. ಎಸ್ಪೋಸಿತೊ ಎಂಬ ಹೆಸರನ್ನು ಹೊಸದಾಗಿ ಒಂದು ಮಗುವಿಗೆ ಇಡುವುದು ಅನ್ಯಾಯ. ಅದನ್ನು ನಿಷೇಧಿಸಿದ ಶಾಸನಗಳು ಯುಕ್ತವಾದುವು. ಇಡುವ ಕ್ಷಣದಲ್ಲಿ ಅದರ ಯೋಗಾರ್ಥವು ಜೀವಂತವಾಗಿ ಮಗುವಿನ ಮೇಲೆ ಬೀಳುತ್ತದೆ. ಆದರೆ ಅದನ್ನು ಪರಂಪರೆಯಿಂದ ಹೊತ್ತವರು ನಾಚಬೇಕಾದುದೂ ಇಲ್ಲ, ಇತರರು ಅವರನ್ನು ಹಳಿಯಬೇಕಾದುದೂ ಇಲ್ಲ. ಅವರ ವಿಷಯದಲ್ಲಿ ಅದು ರೂಢಿಮಾತ್ರ. ಇಟಲಿಯ ಶಾಸನಾಧಿಕೃತ ನ್ಯಾಯಾಲಯವು ೨೦೨೨ರಲ್ಲಿ ಮಕ್ಕಳಿಗೆ ತಂದೆಯ ಹೆಸರೊಂದೇ ತಾನಾಗಿ ಬರುವುದೆಂಬ ನಿಯಮವನ್ನು ತಳ್ಳಿಹಾಕಿ, ತಾಯಿತಂದೆಗಳಿಬ್ಬರ ಹೆಸರೂ ಬರತ್ತಕ್ಕದ್ದೆಂದೂ, ಇಬ್ಬರೂ ಒಪ್ಪಿದರೆ ಒಂದನ್ನೇ ಇಡಬಹುದೆಂದೂ ತೀರ್ಮಾನಿಸಿತು. ಹೆಣ್ಣುಮಕ್ಕಳ ಮೂಲಕ ಹಿಂದೆ ಅಳಿದುಹೋಗುತ್ತಿದ್ದ ಹೆಸರುಗಳು ಇನ್ನು ಮುಂದೆ ಅವರ ಮೂಲಕವೂ ಇಳಿಯಬಹುದು. ಎಸ್ಪೋಸಿತೊ ಎಂಬುದೂ ಹಾಗೆ ಉಳಿಯುವುದರಲ್ಲಿ ನಮಗೆ ವಿಷಾದವಿಲ್ಲ.

ಕೋಶಗಳನ್ನು ಬರೆಯುವವರಿಗೂ ಪಾಠಹೇಳುವವರಿಗೂ ಒಂದು ವಿಜ್ಞಾಪನೆ. ಈ ಪದದ ಮುಂದೆ ‘ಅಕ್ರಮಸಂತಾನ’ವೆಂದು ಅರ್ಥಬರೆಯಬಾರದು. ‘ಹೊರಗಿಡಲ್ಪಟ್ಟ ಮಗು, ನೇಪಲ್ಸಿನ ಧರ್ಮಶಾಲೆಯಲ್ಲಿ ಸಾಕಲ್ಪಟ್ಟವರ ಹೆಸರು, ಈಗ ಕುಲನಾಮ’ ಎಂದು ಮೂರು ಅವಸ್ಥೆಗಳನ್ನೂ ಕ್ರಮವಾಗಿ ಬರೆದರೆ ಸತ್ಯಕ್ಕೂ ಕುಂದಿಲ್ಲ, ಜನರಿಗೂ ನೋವಿಲ್ಲ. ಬಂದ ಮಕ್ಕಳಲ್ಲಿ ಬಹುಮಂದಿ ಉಳಿಯಲಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಇಂದು ಈ ಹೆಸರುಳ್ಳವರು ಉಳಿದ ಕೆಲವರ ಸಂತತಿ. ಪಟ್ಟಿಗಳಲ್ಲಿ ಅದು ಮೇಲೆ ಕಾಣುವುದು, ಆ ಮಕ್ಕಳಲ್ಲಿ ಬದುಕಿದವರು ಮನೆಗಳನ್ನು ಕಟ್ಟಿ ತಮ್ಮ ಮಕ್ಕಳನ್ನು ಒಳಗಿಟ್ಟುಕೊಂಡು ಬೆಳೆಸಿದರೆಂಬುದಕ್ಕೆ ಪ್ರಮಾಣ.